ಪೆನ್ಸಿಲ್ ಸಹಿಯ ಮೇಲೆ ನೀಲಿ ಪೆನ್ನು

ಚಹಾದ ಕಪ್ಪು ನೆಲಕ್ಕೆ ಬಿತ್ತು. ನಮ್ಮವರು ಸಿಟ್ಟು ಬಂದರೆ ಕಪ್ಪು ಎಸೆಯುವ ಮನುಷ್ಯ. ಇವತ್ತೂ ಹಾಗೇ ಅಂದುಕೊಂಡೆ. ಚೂರು ಆರಿಸಿದೆ, ಬಟ್ಟೆ ತಂದು ನೆಲ ಒರೆಸಿದೆ. ಮುಖ ನೋಡಲಿಲ್ಲ. ಎಲ್ಲ ಮುಗಿಸಿ ನೋಡಿದಾಗ ಅವರ ಬಾಯಿ ಒಂದು ಕಡೆಗೆ ಜಾರಿತ್ತು.

ಸ್ಟ್ರೋಕ್.

ಚೆಂಬೂರಿನ ಆಸ್ಪತ್ರೆಯಲ್ಲಿ ಡಾಕ್ಟರ್ ಕೇಳಿದರು, ಎಷ್ಟು ಹೊತ್ತಾಯಿತು ಎಂದು. ಅರ್ಧ ಗಂಟೆ ಎಂದೆ. ಆ ಅರ್ಧ ಗಂಟೆ ಏನು ಮಾಡುತ್ತಿದ್ದಿರಿ ಎಂದು ಅವರು ಕೇಳಲಿಲ್ಲ. ಮಗಳು ಕೇಳಿದಳು.

"ನೆಲಾ ಒರಸಾಕತ್ತಿದ್ದೆ."

ಬಲಗೈ ಹೋಯಿತು. ಮಾತು ಹೋಯಿತು. ಐಸಿಯುನಿಂದ ವಾರ್ಡಿಗೆ, ವಾರ್ಡಿನಿಂದ ಮನೆಗೆ. ಮೂಗಿನ ನಳಿಗೆ ತೆಗೆದ ಮೇಲೆ ಚಮಚದಲ್ಲಿ ಗಂಜಿ. ಡೈಪರ್ ಬದಲಿಸುವವಳು ನಾನು. ಬೇಡ ಎನ್ನಲು ಅವರಿಗೆ ಉಳಿದದ್ದು ಒಂದೇ, ಮುಖವನ್ನು ಗೋಡೆ ಕಡೆ ತಿರುಗಿಸುವುದು. ಗಂಜಿಗೂ ತಿರುಗಿಸುತ್ತಿದ್ದರು, ನನಗೂ.

ಅವರು ಚಿತ್ರ ಬರೆಯುವವರು. ಹೊಲ, ಗುಡ್ಡ, ಆಕಾಶ ಎನ್ನುತ್ತಿದ್ದರು. ನೋಡಿದರೆ ಬರೀ ಬಣ್ಣದ ಪಟ್ಟಿಗಳು. ಸಹಿ ಇರುವ ಕಡೆ ಕೆಳಗೆ ಎಂದು ನಾನು ಗುರುತಿಟ್ಟುಕೊಂಡಿದ್ದೆ. ಕೇಳಿದರೆ, "ನಿನಗ ತಿಳಿಯೂದಿಲ್ಲ, ಬಿಡು" ಎನ್ನುತ್ತಿದ್ದರು. ನಲವತ್ತೆಂಟು ವರ್ಷ ಬಿಟ್ಟೆ. ಮಾಟುಂಗದ ಸ್ಟುಡಿಯೋಕ್ಕೆ ಊಟದ ಡಬ್ಬಿ ಒಯ್ದರೂ ಬಾಗಿಲಿನಿಂದಲೇ ತಿರುಗಿ ಬರುತ್ತಿದ್ದೆ.

ಸ್ಟ್ರೋಕ್ ಆಗುವ ಮುಂಚಿನ ವಾರ ಒಂದು ಚಿತ್ರವನ್ನು ತಗಡಿನ ಮೇಲೆ ಕೊರೆದು ಮೂವತ್ತು ಪ್ರತಿ ಅಚ್ಚು ತೆಗೆದಿದ್ದರು. ಲಿಮಿಟೆಡ್ ಎಡಿಷನ್. ಮೂವತ್ತಾದ ಮೇಲೆ, ಮತ್ತೆ ಅಚ್ಚಾಗಬಾರದೆಂದು ತಗಡಿಗೆ ಅಡ್ಡಗೀರು ಎಳೆದುಬಿಡುತ್ತಾರೆ. ಗೀರು ಎಳೆದಾಗಿತ್ತು. ಸಹಿ ಆಗಿರಲಿಲ್ಲ. ಅವರ ಚಿತ್ರ ಮಾರುವ ಗ್ಯಾಲರಿಯವನು ಪ್ರತಿಗಳ ಕಟ್ಟನ್ನು ಮನೆಗೆ ತಂದಿಟ್ಟು, ಸಹಿ ಇಲ್ಲದಿದ್ದರೆ ಇವು ಬರೀ ಕಾಗದ ಎಂದು ಹೇಳಿ ಹೋದ.

"ಎಡಗೈ ಇದೆಯಲ್ಲ ಅಂಕಲ್" ಎಂದರು ಫಿಸಿಯೋಥೆರಪಿಸ್ಟ್.

ಮೂರು ತಿಂಗಳು ಹಳೆಯ ಪೇಪರಿನ ಮೇಲೆ ಎಡಗೈಯಲ್ಲಿ ಗೀಚಿದರು. ನಾನು ಜೊಲ್ಲು ಒರೆಸಿದೆ, ಪೆನ್ಸಿಲ್ ಚೂಪು ಮಾಡಿದೆ. ಆಮೇಲೆ ದಿನಕ್ಕೊಂದು ಪ್ರತಿಗೆ ಸಹಿ. ಸಹಿ ನೆಟ್ಟಗೆ ಬಂದ ದಿನ ಗಂಜಿ ಪೂರ್ತಿ ಖಾಲಿ. ಅದೊಂದಕ್ಕೇ ಉಸಿರು ಹಿಡಿದಂತಿದ್ದರು.

ಮೂವತ್ತೂ ಮುಗಿದವು. ತೆಗೆದು ನೋಡಿದೆ. ತೆಳ್ಳಗೆ, ಜೇಡನ ಕಾಲಿನ ಹಾಗೆ. ಬೆರಳು ತಾಗಿದರೆ ಅಳಿಸಿಹೋಗುವಂಥವು. ಪೆನ್ಸಿಲ್ ಸಹಿ ಬ್ಯಾಂಕಿನಲ್ಲಿ ನಡೆಯುವುದಿಲ್ಲ, ರೇಷನ್ ಅಂಗಡಿಯಲ್ಲೂ ನಡೆಯುವುದಿಲ್ಲ. ನಾಲ್ಕನೇ ಇಯತ್ತೆ ಓದಿದ ನನಗೂ ಅಷ್ಟು ಗೊತ್ತು. ಅವರು ಮಧ್ಯಾಹ್ನ ಮಲಗಿದ್ದಾಗ ನೀಲಿ ಬಾಲ್‌ಪೆನ್ನು ಹಿಡಿದು ಮೂವತ್ತರ ಮೇಲೂ ತಿದ್ದಿದೆ. ಒತ್ತಿ ತಿದ್ದಿದೆ.

ಗ್ಯಾಲರಿಯವನು ಬಂದು ಕಟ್ಟು ಬಿಚ್ಚಿದ.

"ಆಂಟಿ, ಯೇ ಕಿಸ್ನೇ ಕಿಯಾ?"

"ಮೈನೇ" ಎಂದೆ, ನಾನೇ ಮಾಡಿದ್ದು ಎಂದು. ಪೆನ್ಸಿಲ್ ಅಳಿಸಿಹೋಗುತ್ತದಲ್ಲ ಎಂದೆ.

ಇಂಥ ಅಚ್ಚಿಗೆ ಪೆನ್ಸಿಲ್‌ನಲ್ಲೇ ಸಹಿ ಹಾಕುವುದಂತೆ. ಅದೇ ರಿವಾಜಂತೆ. ಬೇರೆ ಕೈ ಮುಟ್ಟಿದರೆ ಮುಗಿಯಿತಂತೆ. ಕಟ್ಟನ್ನು ಅಲ್ಲೇ ಬಿಟ್ಟು ಹೋದ. ಮತ್ತೆ ಬರಲಿಲ್ಲ.

"ಅವ್ವಾ, ಪೂಛನಾ ತೋ ಥಾ. ಒಂದ್ ಮಾತು ಕೇಳಬಾರದಾಗಿತ್ತಾ?" ಎಂದಳು ಮಗಳು.

"ಯಾರನ್ನ ಕೇಳ್ಲಿ? ಮಾತು ಇದ್ದಾಗನ ಹೇಳಲಿಲ್ಲ ಇವರು."

ಅವರು ಹಾಸಿಗೆಯಲ್ಲಿ ಎಲ್ಲ ಕೇಳುತ್ತಿದ್ದರು. ಮುಖ ಗೋಡೆಗೆ ತಿರುಗಿತು.

ನಾಲ್ಕು ದಿನ ಗಂಜಿ ಇಲ್ಲ. ಹೀಗೇ ಆದರೆ ಅಡ್ಮಿಟ್ ಮಾಡಿ ಮತ್ತೆ ನಳಿಗೆ ಹಾಕಬೇಕು ಎಂದರು ಡಾಕ್ಟರ್. ಈ ಸಲ ತೆಗೆಯುವುದು ಕಷ್ಟ ಎಂದೂ ಹೇಳಿದರು.

ಐದನೆಯ ದಿನ ಕಟ್ಟಿನಿಂದ ಒಂದು ಪ್ರತಿ ತೆಗೆದೆ. ಅವರು ಮುಖ ತಿರುಗಿಸುವ ಗೋಡೆಗೇ ಮೊಳೆ ಹೊಡೆದೆ. ಯಾರನ್ನೂ ಕೇಳಲಿಲ್ಲ. ಸಹಿ ಕೆಳಗೆ ಬರುವಂತೆ ತೂಗುಹಾಕಿದೆ. ಅವರ ನಡುಗುವ ಪೆನ್ಸಿಲ್ಲು, ಅದರ ಮೇಲೆ ನನ್ನ ನೀಲಿ. ಇನ್ನು ಅದನ್ನು ನೋಡಬಾರದು ಎಂದರೆ ನನ್ನ ಕಡೆಗೇ ತಿರುಗಬೇಕು.

ಬಹಳ ಹೊತ್ತು ನೋಡಿದರು. ಆಮೇಲೆ ಈ ಕಡೆ ತಿರುಗಿದರು. ನಾನು ಚಮಚ ಹಿಡಿದೆ. ಬಾಯಿ ತೆರೆದರು.

ಕ್ಷಮಿಸಿ ತಿರುಗಿದರೋ, ಆ ಸಹಿ ನೋಡಲಾಗದೆ ತಿರುಗಿದರೋ ನನಗೆ ತಿಳಿಯದು. ಗಂಜಿ ಒಳಗೆ ಹೋಯಿತು. ಚಿತ್ರ ಇನ್ನೂ ಅಲ್ಲೇ ಇದೆ.