ಗಂಟೆ ಸುಮ್ಮನೆ ಬಡಿಯುವುದಿಲ್ಲ

"ನಿನಗೆ ಕಣ್ಣಿಲ್ವಾ? ಮೂಗಿಲ್ವಾ? ಮೂರು ತಿಂಗಳಿಂದ ಏಣಿ ಹೊತ್ಕೊಂಡು ಓಡಾಡ್ತಾ ಇದೀಯ. ಒಂದು ಸೆನ್ಸರ್ ಸರಿಮಾಡಕ್ಕೆ ಬರದಿದ್ರೆ ಆ ಏಣೀನ ಬಟ್ಟೆ ಒಣಗಿಸಕ್ಕಾದ್ರೂ ಕೊಡು!"

ಬೆಳಗಿನ ಐದೂ ಕಾಲು. ಕೊರಿಯಾದ ಇಂಚಾನ್ ನಗರದ ಸೊನಾಮು ಅಪಾರ್ಟ್‌ಮೆಂಟಿನ ಕಾರು ನಿಲ್ಲಿಸುವ ಜಾಗದಲ್ಲಿ ಅರವತ್ತು ಎಪ್ಪತ್ತು ಜನ. ಮಲಗುವ ಬಟ್ಟೆಯ ಮೇಲೇ ದಪ್ಪ ಜಾಕೆಟ್ ಎಳೆದುಕೊಂಡು, ಬಾಯಲ್ಲಿ ಹಬೆ ಬಿಡುತ್ತ ನಿಂತಿದ್ದಾರೆ. ಬೈಯುತ್ತಿರುವವರು ನಿವಾಸಿಗಳ ಸಮಿತಿಯ ಅಧ್ಯಕ್ಷೆ ಓಕ್ ಮಿರಾನ್, ವಯಸ್ಸು ನಲವತ್ತಾರು. ಬೈಸಿಕೊಳ್ಳುತ್ತಿರುವವರು ದುರಸ್ತಿ ಕೆಲಸದ ಮಾ ಸಾಂಗ್‌ದೊಕ್, ವಯಸ್ಸು ಐವತ್ತೊಂಬತ್ತು. ಹದಿಮೂರು ವರ್ಷ ಹಿರಿಯನಿಗೆ ಏಕವಚನ, ಅದೂ ಅಷ್ಟು ಜನರೆದುರಿಗೆ. ಎಲ್ಲರಿಗೂ ಕೇಳಿಸಿದೆ. ಒಬ್ಬೊಬ್ಬರೇ ಜಾಕೆಟ್ಟಿನ ಟೋಪಿ ಎಳೆದುಕೊಳ್ಳುತ್ತಾರೆ. ಗುಂಪಿನ ಅಂಚಿನಲ್ಲಿ ಒಬ್ಬ ಅಜ್ಜಿ ಮಾತ್ರ ಮೊಣಕಾಲು ಹಿಡಿದುಕೊಂಡು ನೆಲ ನೋಡುತ್ತಿದ್ದಾರೆ.

ಮಾ ತಲೆ ಬಗ್ಗಿಸಿ "ತಪ್ಪಾಯ್ತು" ಅನ್ನುತ್ತಾರೆ. ಏಣಿ ಹೆಗಲಿಗೇರಿಸಿ ಮತ್ತೆ ಮೆಟ್ಟಿಲು ಹತ್ತುತ್ತಾರೆ. ಬೆಂಕಿಯ ಎಚ್ಚರಿಕೆ ಗಂಟೆ ಬಡಿದಾಗ ಲಿಫ್ಟ್ ನಿಂತುಬಿಡುತ್ತದೆ.

ಏಳು ಕಟ್ಟಡ, ಎಂಟುನೂರ ನಲವತ್ತು ಮನೆ, ಛಾವಣಿಗೆ ಕಚ್ಚಿಕೊಂಡ ಸುಮಾರು ಮೂರೂವರೆ ಸಾವಿರ ಹೊಗೆ ಸೆನ್ಸರ್. ಇವಕ್ಕೆಲ್ಲ ಇರುವುದು ಮಾ ಒಬ್ಬರೇ. ಕರಾರು ಮೂರು ಮೂರು ತಿಂಗಳಿಗೆ. ಒಂದು ಕರಾರು ಮುಗಿದು ಇನ್ನೊಂದಕ್ಕೆ ಸಹಿ ಬೀಳುವ ತನಕ ಈ ಮನುಷ್ಯ ಇಲ್ಲಿಯವನೂ ಅಲ್ಲ, ಬೇರೆ ಕಡೆಯವನೂ ಅಲ್ಲ. ಕೂತು ಊಟ ಮಾಡಿದ್ದನ್ನು ಕಂಡವರಿಲ್ಲ. ಅನ್ನದ ಸುರುಳಿ ಕಿಂಬಾಪ್ ಒಂದು ಕೈಯಲ್ಲಿ, ಟಾರ್ಚ್ ಇನ್ನೊಂದರಲ್ಲಿ. ಈ ಪತ್ರಿಕೆಯೊಂದಿಗೆ ಮಾತಾಡುವಾಗಲೂ ಕಣ್ಣು ಛಾವಣಿ ಮೇಲೆ.

"ಸೆನ್ಸರ್ ಒಳಗೆ ಒಂದು ಸಣ್ಣ ಕತ್ತಲೆ ಕೋಣೆ ಇರುತ್ತೆ," ಎನ್ನುತ್ತಾರೆ ಮಾ. "ಅಲ್ಲಿ ಏನು ನುಗ್ಗಿದ್ರೂ ಅದಕ್ಕೆ ಹೊಗೇನೇ. ಜೇಡ ನುಗ್ಗಿದ್ರೆ ಹೊಗೆ, ಗೋಡೆ ಉಜ್ಜಿದ ಧೂಳು ಹೋದ್ರೆ ಹೊಗೆ, ಹುಟ್ಟಿದ ಮಗು ಮನೇಲಿದೆ ಅಂತ ಹಬೆ ಬಿಡೋ ಯಂತ್ರ ಕೆಳಗಿಟ್ರೂ ಹೊಗೆ. ಜನ ಸುಮ್ಸುಮ್ನೆ ಬಡೀತು ಅಂತಾರೆ. ಸುಮ್ಸುಮ್ನೆ ಬಡಿದಿದ್ದನ್ನ ನಾನಿನ್ನೂ ನೋಡಿಲ್ಲ."

ಮೂರನೇ ಕಟ್ಟಡದ ಗಂಟೆಗೆ ಕಾರಣ ಮಾತ್ರ ಅವರಿಗೂ ಸಿಕ್ಕಿರಲಿಲ್ಲ. ವಾರಕ್ಕೆ ಎರಡು ಮೂರು ಸಲ, ಬೆಳಗಿನ ಐದರಿಂದ ಐದೂವರೆಯೊಳಗೆ. ಕಾವಲು ಕೋಣೆಯ ಫಲಕದಲ್ಲಿ ದೀಪ ಹತ್ತುತ್ತದೆ, ಆದರೆ ಆ ದೀಪ ಒಂದು ಮನೆ ತೋರಿಸುವುದಿಲ್ಲ. ಎರಡು ಮಹಡಿಯ ನಾಲ್ಕು ಮನೆಗಳಿಗೆ ಒಂದೇ ದೀಪ. ಮಾ ನಾಲ್ಕೂ ಮನೆಯ ಸೆನ್ಸರ್ ಬಿಚ್ಚಿ ಊದಿದರು, ಒರೆಸಿದರು, ತಂತಿ ಅಳೆದರು. ಕೊನೆಗೆ ಎಲ್ಲವನ್ನೂ ಹೊಸದು ಹಾಕಿದರು. ನಾಲ್ಕನೇ ದಿನ ಮತ್ತೆ ಗಂಟೆ.

ಸಮಿತಿಗೆ ದಾರಿ ಗೊತ್ತಿತ್ತು: ಫಲಕದಲ್ಲಿ ಗಂಟೆಯ ಸ್ವಿಚ್ಚನ್ನೇ ಕೆಳಗಿಳಿಸಿಡಿ. ಇದು ಯಾರೂ ಕಾಗದದ ಮೇಲೆ ಬರೆದುಕೊಡುವ ಮಾತಲ್ಲ. ನಾಳೆ ಏನಾದರೂ ಆದರೆ ಒತ್ತಿದ ಬೆರಳು ಕೆಲಸದವನದು ತಾನೇ!

ಮಾ ಒಪ್ಪಲಿಲ್ಲ. ಅದಕ್ಕೊಂದು ಹಳೆಯ ಕಾರಣವಿದೆ. "ಹಿಂದೆ ಇದ್ದ ಕಡೆ ಹೇಳಿದ್ರು, ಇಳಿಸಿದೆ. ಇದೇ ಬೆರಳು. ಹನ್ನೊಂದು ದಿನಕ್ಕೆ ನಾಲ್ಕನೇ ಮಹಡಿಗೆ ಬೆಂಕಿ ಬಿತ್ತು. ಗಂಟೆ ಬಡೀಲಿಲ್ಲ. ಗಂಡ ಹೆಂಡ್ತಿ ಇಬ್ರೂ ಏಳ್ಲೇ ಇಲ್ಲ." ಇಷ್ಟು ಹೇಳಿ ಜೇಬಿನಲ್ಲಿ ಇಲ್ಲದ ಸ್ಕ್ರೂಡ್ರೈವರ್ ಹುಡುಕಲು ಶುರು ಮಾಡುತ್ತಾರೆ.

ಅವಮಾನವಾದ ಆ ಬೆಳಿಗ್ಗೆಯೇ ಗುಟ್ಟು ಹೊಳೆದದ್ದು. ಹೊಗೆ ಕಂಡ ಸೆನ್ಸರ್‌ನಲ್ಲಿ ಒಂದು ಕೆಂಪು ಚುಕ್ಕೆ ಹತ್ತಿ ಹಾಗೇ ಉಳಿಯುತ್ತದೆ, ಕೆಳಗೆ ಫಲಕದಲ್ಲಿ ರೀಸೆಟ್ ಒತ್ತುವವರೆಗೆ. ಮಾ ಮೇಲೆ ಓಡುವಷ್ಟರಲ್ಲಿ ಅದು ಯಾವತ್ತೂ ಆರಿರುತ್ತಿತ್ತು. ಯಾಕೆ? ಕಾವಲುಗಾರ ತಾಕ್ ಅವರನ್ನು ಕೇಳಿದರು.

"ಗಂಟೆ ನಿಲ್ಲಿಸ್ತೀನಿ, ರೀಸೆಟ್ ಒತ್ತೀನಿ. ಒಂದೇ ಉಸಿರಲ್ಲಿ," ಎಂದರು ತಾಕ್. "ಇಲ್ಲಾಂದ್ರೆ ಫೋನಲ್ಲಿ ನನ್ನ ಅಪ್ಪ ಅಜ್ಜನವರೆಗೂ ಹೋಗ್ತಾರೆ ಮಾರಾಯ."

"ಅಣ್ಣಾ, ನೀನು ದಿನಾ ಕಳ್ಳನ ಹೆಜ್ಜೆ ಗುಡಿಸಿ ಹಾಕಿ ಪೋಲೀಸ್ನ ಕರೀತಾ ಇದೀಯ. ಈ ಸಲ ಗಂಟೆ ನಿಲ್ಲಿಸು. ರೀಸೆಟ್ ಮುಟ್ಬೇಡ."

"ಅಧ್ಯಕ್ಷೆ ಬಂದ್ರೆ?"

"ಕೈ ಕಟ್ಕೊಂಡು ಕೂತ್ಕೋ. ಬೈಸ್ಕೊಳ್ಳೋಕೆ ನಾನಿದೀನಲ್ಲ."

ಎರಡು ದಿನ ಮಾ ಬೆಳಗಿನ ನಾಲ್ಕರಿಂದಲೇ ಆ ಎರಡು ಮಹಡಿಗಳ ಮೆಟ್ಟಿಲಲ್ಲಿ ಮೇಲೆ ಕೆಳಗೆ ಓಡಾಡಿದರು. ಮೂರನೇ ಬೆಳಿಗ್ಗೆ ಐದೂ ಹತ್ತಕ್ಕೆ ಗಂಟೆ ಬಡಿದು ಥಟ್ಟನೆ ನಿಂತಿತು. ತಾಕ್ ಮಾತು ಉಳಿಸಿಕೊಂಡಿದ್ದರು. ಮೂರು ಮನೆಯ ಬಾಗಿಲು ತೆರೆಸಿ ನೋಡಿದರೆ ಚುಕ್ಕೆ ಇಲ್ಲ. ನಾಲ್ಕನೆಯ ಬಾಗಿಲು ತೆರೆಯುವ ಮೊದಲೇ ವಾಸನೆ ಬಂತು: ಸುಟ್ಟ ಮಾಚಿಪತ್ರೆ.

ಒಳಗೆ ಛಾವಣಿಯಲ್ಲಿ ಕೆಂಪು ಚುಕ್ಕೆ. ಕೆಳಗೆ, ಕ್ಯಾಲೆಂಡರಿನಿಂದ ಗಾಳಿ ಬೀಸುತ್ತ, ಕಾರು ನಿಲ್ಲಿಸುವ ಜಾಗದಲ್ಲಿ ನೆಲ ನೋಡುತ್ತಿದ್ದ ಅದೇ ಅಜ್ಜಿ. ಎಂಬತ್ತು ದಾಟಿದ ವಯಸ್ಸು. ಮೊಣಕಾಲುಗಳ ಮೇಲೆ ಕಾಳಿನಷ್ಟು ಕಾಳಿನಷ್ಟು ಕಪ್ಪು ಗುರುತು. ಒಣ ಮಾಚಿಪತ್ರೆಯ ಉಂಡೆ ಇಟ್ಟು ಬೆಂಕಿ ತಾಗಿಸುವುದು ಅವರ ತಾಯಿಯ ಕಾಲದ ಮದ್ದು. ಮಗ ಸರಕು ತಲುಪಿಸಲು ನಾಲ್ಕೂವರೆಗೆ ಹೊರಡುತ್ತಾನೆ, ಸೊಸೆ ಸಂತೆಯ ಅಂಗಡಿಗೆ ಐದಕ್ಕೆ. ಆಮೇಲೆ ಅಜ್ಜಿ ಕಿಟಕಿ ಮುಚ್ಚಿಕೊಂಡು ಕೂರುತ್ತಾರೆ, ನೆರೆಯವರಿಗೆ ವಾಸನೆ ಹೋಗಬಾರದಲ್ಲ. ಗಂಟೆ ಬಡಿದ ಕೂಡಲೇ ಉಂಡೆ ಹಿಸುಕಿ ಆರಿಸಿ, ಕಿಟಕಿ ತೆರೆದು, ಅದೇ ಮೊಣಕಾಲಲ್ಲಿ ಎಲ್ಲರ ಜೊತೆ ಕೆಳಗಿಳಿಯುತ್ತಾರೆ.

"ಯಾರಿಗೂ ಹೇಳ್ಬೇಡಪ್ಪಾ," ಎಂದರು. "ಹೋದ ಚಳಿಗಾಲ ಒಲೆ ಮೇಲೆ ಪಾತ್ರೆ ಮರೆತು ಕರಕಲು ಮಾಡಿದ್ದೆ. ಇನ್ನೊಂದ್ಸಲ ಬೆಂಕಿ ಸುದ್ದಿ ಬಂದ್ರೆ ವೃದ್ಧಾಶ್ರಮಾನೇ ಅಂದಿದಾನೆ ಮಗ. ಫಾರ್ಮ್ ತಂದು ಟಿವಿ ಕೆಳಗಿಟ್ಟಿದಾನೆ. ಹೆಸರು ಬರೆದಾಗಿದೆ, ಸಹಿ ಒಂದೇ ಬಾಕಿ."

ಮಾ ಏಣಿಯ ಮೇಲೆ ನಿಂತೇ ಕೇಳಿಸಿಕೊಂಡರು. "ಅಜ್ಜೀ, ನಿಮ್ಮೊಬ್ರ ಮೊಣಕಾಲಿಗೆ ಇಡೀ ಕಟ್ಟಡಕ್ಕೇ ವ್ಯಾಯಾಮ ಮಾಡಿಸ್ಬಿಟ್ರಲ್ಲ!"

ಅಜ್ಜಿ ನಕ್ಕರಂತೆ. ಆಮೇಲೆ ಅತ್ತರಂತೆ.

ಆ ಅಜ್ಜಿಯ ಹೆಸರು, ಮನೆ ಸಂಖ್ಯೆ ಮಾ ಯಾರಿಗೂ ಹೇಳಿಲ್ಲ. ಈ ಪತ್ರಿಕೆಗೂ ಹೇಳಿಲ್ಲ; ಗುರುತು ಸಿಗಬಹುದಾದ ವಿವರಗಳನ್ನು ಇಲ್ಲಿ ಬದಲಿಸಿದೆ. ಮದ್ದಿನ ಜಾಗ ಈಗ ಗಾಜಿನ ಬಾಲ್ಕನಿಗೆ ಹೋಗಿದೆ. ಅಲ್ಲಿ ಸೆನ್ಸರ್ ಇಲ್ಲ, ಕಿಟಕಿ ತೆರೆದಿರುತ್ತದೆ, ಮಾ ತಂದುಕೊಟ್ಟ ಮರಳಿನ ತಟ್ಟೆ ಇದೆ. ಮದ್ದಿನ ದಿನಗಳಲ್ಲಿ ಕೆಲಸ ಶುರುವಾಗುವ ಮೊದಲೇ ಮಾ ಅಲ್ಲಿಗೆ ಹೋಗಿ, ಕೊನೆಯ ಕಿಡಿ ಮರಳಿನಲ್ಲಿ ಆರಿದ್ದು ನೋಡಿಕೊಂಡೇ ಬರುತ್ತಾರೆ. "ಹತ್ತು ನಿಮಿಷದ ಕೆಲಸ. ಒಂದು ಬೇಯಿಸಿದ ಗೆಣಸೂ ಸಿಗುತ್ತೆ."

ದಾಖಲೆ ಪುಸ್ತಕದಲ್ಲಿ ಅವರು ಬರೆದದ್ದು ಎರಡೇ ಸಾಲು: "ಹೊಗೆ ಬಂದಿತ್ತು, ಸೆನ್ಸರ್ ಸರಿಯಾಗಿದೆ. ಕಾರಣ ನಿವಾರಿಸಲಾಗಿದೆ."

ಧೂಳು ಎಂದು ಬರೆದಿದ್ದರೆ ಮುಗಿದುಹೋಗುತ್ತಿತ್ತಲ್ಲ ಎಂದು ಕೇಳಿದೆವು.

"ಹಾಗೆ ಬರೆದ್ರೆ ಸೆನ್ಸರ್ ಸುಳ್ಳು ಹೇಳ್ತು ಅಂತಾಗುತ್ತೆ. ಮತ್ತೆ ಸ್ವಿಚ್ ಇಳಿಸಿ ಅಂತಾರೆ. ಅದು ತನ್ನ ಕೆಲಸ ಮಾಡಿದೆ. ಅದರ ಮೇಲೆ ತಪ್ಪು ಯಾಕೆ ಹಾಕ್ಲಿ?"

ಹತ್ತೊಂಬತ್ತು ದಿನದಿಂದ ಗಂಟೆ ಬಡಿದಿಲ್ಲ. ಇವತ್ತು ಶನಿವಾರ ಬೆಳಿಗ್ಗೆ ಹತ್ತಕ್ಕೆ ಹಿರಿಯರು ಕಾಲ ಕಳೆಯುವ ಕೋಣೆಯಲ್ಲಿ ಸಮಿತಿಯ ಸಭೆ. ಕೆಳಗಿಂದ ಕಾಯಿಸಿದ ಬಿಸಿ ನೆಲದ ಮೇಲೆ ನಲವತ್ತು ಜನ ಕೂತಿದ್ದಾರೆ, ಗೋಡೆಗೊರಗಿ ಅಜ್ಜಿಯರ ಸಾಲು. ಸ್ವಿಚ್ ಇಳಿಸುವ ಮಾತು ಯಾರೂ ಎತ್ತುವುದಿಲ್ಲ. ಉಳಿದಿರುವುದು ಮಾ ಅವರ ಮುಂದಿನ ಕರಾರು. ಅಧ್ಯಕ್ಷೆಯ ಮುಂದೆ ಕಾಗದವಿದೆ, ಸಹಿಯ ಬದಲು ಒತ್ತುವ ಮೊಹರು ಅವರ ಕೈಯಲ್ಲೇ ಇದೆ.

"ಹೊಗೆ ಬಂದಿತ್ತು ಅಂತ ಬರ್ದಿದೀಯ," ಎನ್ನುತ್ತಾರೆ. ಏಕವಚನ ಹಾಗೇ ಇದೆ. "ಅಂದ್ರೆ ಯಾರೋ ಬೆಂಕಿ ಹಚ್ಚಿದಾರೆ. ಮೂರು ತಿಂಗಳು ನಮ್ಮ ನಿದ್ದೆ ತಿಂದೋರು ಯಾರು? ನಾಲ್ಕು ಮನೇಲಿ ಯಾವ್ದು?"

ಬಾಗಿಲ ಬಳಿ ನಿಂತ ಮಾ ಛಾವಣಿ ನೋಡುತ್ತಾರೆ.

"ನಿನ್ನನ್ನೇ ಕೇಳ್ತಿರೋದು. ಹೆಸರು ಹೇಳು, ಈಗ್ಲೇ ಮೊಹರು ಒತ್ತೀನಿ. ಇಲ್ಲಾಂದ್ರೆ ನೀನು ಪತ್ತೇನೇ ಮಾಡಿಲ್ಲ, ತಾನಾಗೇ ನಿಂತೋಯ್ತು ಅಂತ ಬರ್ಕೋತೀನಿ. ಕೈಲಾಗದವನಿಗೆ ಕರಾರು ಯಾಕೆ?"

ಯಾರೋ ಕಿಸಕ್ಕೆಂದು ನಗುತ್ತಾರೆ. ಗೋಡೆಯ ಸಾಲಿನಲ್ಲಿ ಒಬ್ಬ ಅಜ್ಜಿ ಎರಡೂ ಕೈ ನೆಲಕ್ಕೆ ಊರುತ್ತಾರೆ. ಒಂದು ಮೊಣಕಾಲು ಮೇಲೆತ್ತುತ್ತಾರೆ, ಇನ್ನೊಂದು ಏಳುವುದಿಲ್ಲ. ಬಾಯಿ ತೆರೆಯುತ್ತಾರೆ.

ಅಷ್ಟರಲ್ಲಿ ಮಾ ಅವರ ಮೊಣಕೈ ತಾಗಿ, ಗೋಡೆಗೊರಗಿಸಿದ್ದ ಏಣಿ ಢಣ್ಣೆಂದು ಸದ್ದು ಮಾಡುತ್ತದೆ. ಎಲ್ಲರ ಕಣ್ಣೂ ಆ ಕಡೆಗೆ ಹೊರಳುತ್ತದೆ. ಮಾ "ಹಾಗೇ ಬರ್ಕೊಳ್ಳಿ" ಎಂದು ಅದನ್ನು ಹೆಗಲಿಗೆ ಹಾಕಿಕೊಂಡು, ಹೊಸ್ತಿಲಲ್ಲಿ ಬಿಟ್ಟಿದ್ದ ಶೂಗಳಿಗೆ ಕಾಲು ತೂರಿಸಿ, ಹಿಮ್ಮಡಿ ಸರಿ ಮಾಡಿಕೊಳ್ಳದೆಯೇ ಐದನೇ ಕಟ್ಟಡದ ಕಡೆಗೆ ಹೊರಟುಬಿಡುತ್ತಾರೆ.