ಸೊಂಟ ಎಳೆಯುವ ಮಂಚದ ಡಾಕ್ಟ್ರಮ್ಮ

ಆಕೆಯ ಎರಡೂ ಹೆಬ್ಬೆರಳುಗಳು ಹಿಂದಕ್ಕೆ ಬಾಗಿವೆ. ಹುಟ್ಟಿನಿಂದ ಬಂದ ಬಾಗಲ್ಲ, ಊರವರ ಬೆನ್ನು ಒತ್ತೀ ಒತ್ತೀ ಬಂದದ್ದು. ಆ ಬೆರಳನ್ನು ಸೊಂಟದ ಮೇಲಿಟ್ಟು "ಇಲ್ಲೇ ಅಲ್ವಾ ಸಾರ್?" ಎಂದು ಆಕೆ ಕೇಳಿ ಮುಗಿಸುವಷ್ಟರಲ್ಲಿ ನಮ್ಮ ಬಾಯಿಂದ "ಅಯ್ಯಪ್ಪಾ" ಹೊರಗೆ ಬಿದ್ದಿರುತ್ತದೆ.

ಶಿರಾ ಪೇಟೆಯಲ್ಲಿ ಹತ್ತಿ ಹಾಸಿಗೆ ಹೊಲಿಯುವ ಸಾಹೇಬರ ಮಗಳು ಆಕೆ. ಅಂಗಡಿಯ ಹಿಂದಿನ ಕೋಣೆಯೇ ಕ್ಲಿನಿಕ್ಕು. ಮುಂದೆ ಅಪ್ಪ ಹಾಸಿಗೆ ಹೊಲಿಯುತ್ತಾರೆ, ಹಿಂದೆ ಮಗಳು ಸೊಂಟ ನೋಡುತ್ತಾಳೆ. ಯಾರಾದರೂ ಡಾಕ್ಟ್ರಮ್ಮ ಎಂದರೆ "ಡಾಕ್ಟ್ರಲ್ಲ, ಫಿಸಿಯೋ" ಎಂದು ತಿದ್ದುತ್ತಾಳೆ. ನಾನು ಮಾತ್ರ ಇವತ್ತಿನವರೆಗೂ ತಿದ್ದಿಕೊಂಡಿಲ್ಲ.

ನಾನು ಪುರವರದ ಕಡೆ ಒಂದು ಹೈಸ್ಕೂಲಿನಲ್ಲಿ ಪಿ.ಟಿ. ಮೇಷ್ಟ್ರಾಗಿದ್ದವನು. ಜಂಬ ಸ್ವಲ್ಪ ಜಾಸ್ತಿ. ಇಲ್ಲ ಎಂದು ಬರೆದರೆ ನನ್ನ ಹೆಂಡತಿ ಓದಿ ನಗುತ್ತಾಳೆ. ನಿವೃತ್ತಿಗೆ ಎರಡು ವರ್ಷ ಇತ್ತು. ಹುಡುಗರಿಗೆಲ್ಲ ಪರೀಕ್ಷೆ ಇದ್ದ ದಿನ ಕಬಡ್ಡಿ ಅಂಕಣಕ್ಕೆ ಕಲ್ಲಿನ ರೋಲರನ್ನು ಒಬ್ಬನೇ ಎಳೆದೆ. ಯಾರು ಎಳೆಯಲು ಹೇಳಿದ್ದರು? ಯಾರೂ ಹೇಳಿರಲಿಲ್ಲ. ಸೊಂಟದಲ್ಲಿ ಚಳಕ್ ಎಂದಿತು. ಮಾರನೆಯ ದಿನಕ್ಕೆ ನೋವು ಪಿರ್ರೆಯಿಂದ ಇಳಿದು, ಮೀನಖಂಡ ದಾಟಿ, ಎಡಗಾಲಿನ ಹೆಬ್ಬೆರಳು ಮುಟ್ಟಿತು. ಕೆಮ್ಮಿದರೆ ಕಾಲಿಗೆ ಕರೆಂಟು ಹೊಡೆದಂತಾಗುತ್ತಿತ್ತು. ಅದಕ್ಕೆ ಸಿಯಾಟಿಕಾ ಎನ್ನುತ್ತಾರೆಂದು ಆಮೇಲೆ ಗೊತ್ತಾಯಿತು. ನಿಂತು ಸೀಟಿ ಊದಲಾಗದ ಪಿ.ಟಿ. ಮೇಷ್ಟ್ರು ಇದ್ದರೆಷ್ಟು, ಬಿಟ್ಟರೆಷ್ಟು? ನನಗೆ ಹೆದರಿಕೆಯಾದದ್ದು ಅದಕ್ಕೇ.

ನಮ್ಮ ಕಡೆ ಸೊಂಟ ಹಿಡಿದರೆ ಮೊದಲು ಹುಡುಕುವುದು ಕಾಲು ಮುಂದಾಗಿ ಹುಟ್ಟಿದವರನ್ನು. ತಲೆಯ ಬದಲು ಕಾಲು ಮೊದಲು ಹೊರಗೆ ಬಂದವರು ಸೊಂಟಕ್ಕೆ ಮೂರು ಸಲ ಒದ್ದರೆ ಹಿಡಿತ ಬಿಡುತ್ತದೆಂದು ನಂಬಿಕೆ. ಪಕ್ಕದೂರಲ್ಲಿ ಅಂಥವನೊಬ್ಬನಿದ್ದ. ನಾನೇ ಓದಿಸಿದ ಹುಡುಗ. ಬಾಗಿಲ ಚೌಕಟ್ಟು ಹಿಡಿದು ನಿಂತೆ. ಅವನೋ ಹಳೇ ಸೇಡು ತೀರಿಸಿಕೊಳ್ಳುವವನ ಹಾಗೆ ಒದ್ದ. ನೋವು ಹೋಗಲಿಲ್ಲ, ಮರ್ಯಾದೆ ಹೋಯಿತು.

ಆಮೇಲೆ ಯಾರೋ ಮಂಚದ ಸುದ್ದಿ ತಂದರು. ಎರಡು ಭಾಗ ಇರುವ ಮಂಚವಂತೆ. ಎದೆಗೊಂದು, ಸೊಂಟಕ್ಕೊಂದು ಬೆಲ್ಟು ಬಿಗಿದು, ಮಿಷನ್ನು ಬೆನ್ನುಮೂಳೆಯನ್ನು ಮೆಲ್ಲಗೆ ಎಳೆಯುತ್ತದಂತೆ. ಆಪರೇಷನ್ ಇಲ್ಲ, ಮಾತ್ರೆ ಇಲ್ಲ. ಅಂಥದ್ದೊಂದು ಶಿರಾದಲ್ಲಿ ಈಕೆಯ ಹತ್ತಿರ ಇದೆ ಎಂದರು. ಬಸ್ಸಿನಲ್ಲಿ ಕೂರಲಾರದೆ ಕಂಬಿ ಹಿಡಿದು ನಿಂತುಕೊಂಡೇ ಹೋದೆ.

"ಮಿಷನ್ ಹಾಕಮ್ಮ," ಎಂದೆ, ಹೋದವನೇ.

"ಮೊದ್ಲು ನೋಡ್ತೀನಿ ಸಾರ್. ನೋಡ್ದೆ ಏನೂ ಹಾಕಲ್ಲ."

ಪ್ಯಾಂಟು ಮಡಚಿಸಿ, ಬಾಲ್‌ಪೆನ್ನು ತೆಗೆದು, ಮಂಡಿಯ ಕೆಳಗಿನಿಂದ ಹೆಬ್ಬೆರಳಿನವರೆಗೆ ನನ್ನ ಕಾಲ ಮೇಲೆ ನೀಲಿ ಗೀಟು ಎಳೆದಳು. "ಇದು ನಿಮ್ಮ ನರ ಹೋಗೋ ದಾರಿ. ಒತ್ತಿರೋದು ಮೇಲೆ ಸೊಂಟದಲ್ಲಿ, ಕೂಗ್ತಿರೋದು ಕೆಳಗೆ ಕಾಲಲ್ಲಿ." ಬಂದವರೆಲ್ಲರಿಗೂ ಆಕೆ ಹೀಗೆ ಗೀಟು ಎಳೆಯುತ್ತಾಳೆ. ಸಾಯಂಕಾಲ ನನ್ನ ಕಾಲು ನೋಡಿದ ಹೆಂಡತಿ "ಏನ್ರೀ, ಇಲ್ಲೂ ಅಂಕಣ ಹಾಕ್ಸ್ಕೊಂಡ್ ಬಂದ್ಬುಟ್ರಾ?" ಎಂದಳು.

ಒದೆಸಿಕೊಂಡದ್ದನ್ನು ಹೇಳಿದಾಗ ಡಾಕ್ಟ್ರಮ್ಮ ದುಪಟ್ಟಾ ಬಾಯಿಗೆ ಅಡ್ಡ ಹಿಡಿದು ನಕ್ಕಳು. "ನಾನೂ ಕಾಲು ಮುಂದಾಗೇ ಹುಟ್ಟಿದವಳು ಸಾರ್. ಚಿಕ್ಕವಳಿದ್ದಾಗ ಸ್ಕೂಲಿಗೆ ಹೋಗೋ ಮುಂಚೆ ಇಬ್ಬರಿಗಾದ್ರೂ ಒದ್ದು ಹೋಗ್ತಿದ್ದೆ. ಎಲ್ಲರೂ ನನಗೇ ಕೈಮುಗಿಯೋರು." ಆಮೇಲೆ ನಗು ನಿಲ್ಲಿಸಿದಳು. "ಒಂದಿನ ಕಳ್ಳಂಬೆಳ್ಳ ಕಡೆಯವರು ಒಬ್ಬರು, ಒದ್ದ ಮೇಲೆ ಏಳ್ಲೇ ಇಲ್ಲ. ನಾಲ್ಕು ಜನ ಎತ್ಕೊಂಡು ಹೋದ್ರು. ಒಳಗೆ ಏನಿದೆ ಅಂತ ತಿಳೀದೆ ಕಾಲು ಎತ್ತಬಾರದು ಅಂತ ಅವತ್ತೇ ತೀರ್ಮಾನ ಮಾಡ್ದೆ." ಆಕೆ ಈ ಓದು ಓದಿದ್ದು ಅದಕ್ಕೇ.

ಮಂಚದ ಬಗ್ಗೆ ಆಕೆ ಮುಚ್ಚುಮರೆ ಮಾಡಲಿಲ್ಲ. "ಎಳೆದಾಗ ಹಾಯನ್ಸುತ್ತೆ. ಕೆಲವರಿಗೆ ಎರಡು ದಿನ, ಕೆಲವರಿಗೆ ಎರಡು ಗಂಟೆ, ಕೆಲವರಿಗೆ ಏನೂ ಇಲ್ಲ. ಮೂಳೆ ಮಧ್ಯದಿಂದ ಜಾರಿರೋ ಡಿಸ್ಕು ಒಳಗೆ ಹೋಗಿ ಕೂತ್ಕೊಳ್ಳುತ್ತೆ ಅಂತ ನಾನು ಪ್ರಮಾಣ ಮಾಡಲ್ಲ. ತುಂಬಾ ಜನಕ್ಕೆ ನಡಿಗೆ, ವ್ಯಾಯಾಮದಲ್ಲೇ ಕೆಲವು ವಾರಕ್ಕೆ ಕಮ್ಮಿ ಆಗುತ್ತೆ." ಎಷ್ಟೋ ಜನ ಇದನ್ನು ಕೇಳಿ ಎದ್ದು ಹೋದದ್ದನ್ನು ನಾನೇ ನೋಡಿದ್ದೇನೆ. ವಾಸಿ ಗ್ಯಾರಂಟಿ ಎಂದು ಬೋರ್ಡು ಹಾಕು ಎಂದು ಬುದ್ಧಿ ಹೇಳಿದವರಿಗೆ, "ಮುಂದೆ ನಮ್ಮ ಅಬ್ಬಾ ಹಾಸಿಗೆಗೆ ಗ್ಯಾರಂಟಿ ಕೊಡ್ತಾರೆ, ಕೇಳ್ಕೊಳ್ಳಿ," ಎನ್ನುತ್ತಿದ್ದಳು.

ನಾನೋ ಹಟಮಾರಿ. ವ್ಯಾಯಾಮದ ಜೊತೆಗೆ ಮಂಚವೂ ಬೇಕೆಂದೆ. ಕಾಲಿನ ಶಕ್ತಿ ಪರೀಕ್ಷಿಸಿ, ಸರಿ ಎಂದಳು. ಮೂರು ಸಲ ಎಳೆಸಿಕೊಂಡೆ. ನಿಜಕ್ಕೂ ಹಗುರ ಎನಿಸಿತು. ನಾಲ್ಕನೆಯ ಸಲಕ್ಕೆ ಹೋಗುವ ಹೊತ್ತಿಗೆ ಕಾಲಿನ ನೋವು ಪೂರ್ತಿ ಮಾಯ! ನನ್ನ ಖುಷಿ ಕೇಳಬೇಕೇ? ಹಾಸಿಗೆ ಅಂಗಡಿಯ ಚಪ್ಪಡಿ ಕಲ್ಲಿನ ಮೇಲೆ ಜೋರಾಗಿ ಹೆಜ್ಜೆ ಹಾಕುತ್ತಾ ಒಳಗೆ ಹೋದೆ.

"ನೋಡ್ದ್ಯಾ ಡಾಕ್ಟ್ರಮ್ಮ? ನಾನು ಹೇಳ್ಲಿಲ್ವಾ, ಮಿಷನ್ನೇ ಸರಿ ಅಂತ? ನೋವು ಹೋಗೇ ಬುಡ್ತು ಕಣಮ್ಮ."

ಆಕೆ ಬೆಲ್ಟು ಹಿಡಿದು ನಿಂತಿದ್ದಳು. ಮುಖದಲ್ಲಿ ನಗು ಬರಲಿಲ್ಲ. "ಎಡಗಾಲಿನ ಚಪ್ಪಲಿ ಯಾಕೆ ಸಾರ್ ಅಂಗೆ ಟಪ್ ಟಪ್ ಅಂತ ಬಡೀತಿದೆ?"

"ಹೊಸಾ ಚಪ್ಪಲಿ."

"ಹೆಬ್ಬೆರಳು ಮೇಲಕ್ಕೆತ್ತಿ."

ಎತ್ತಿದೆ. ಅಂದರೆ ಎತ್ತಿದೆ ಎಂದುಕೊಂಡೆ. ಬೆರಳು ಬಿದ್ದಲ್ಲೇ ಬಿದ್ದಿತ್ತು. ಮೂವತ್ತು ವರ್ಷ ಸಾವಿರಾರು ಮಕ್ಕಳ ಕಾಲು ಎತ್ತಿಸಿದವನಿಗೆ ಒಂದು ಬೆರಳು ಎತ್ತಲಾಗಲಿಲ್ಲ. ಆಕೆ ಬೆಲ್ಟನ್ನು ಕೆಳಗಿಟ್ಟು ಇನ್ನೂ ಎರಡು ಪ್ರಶ್ನೆ ಕೇಳಿದಳು. ಕೂರುವ ಜಾಗ ಮರಗಟ್ಟಿದೆಯೇ? ಮೂತ್ರ ಸಲೀಸಾಗಿ ಹೋಗುತ್ತಿದೆಯೇ?

ನನಗೆ ಎಲ್ಲಿಲ್ಲದ ಸಿಟ್ಟು ಬಂತು. "ಹೆಣ್ಮಗಳಾಗಿ ಏನಮ್ಮ ಇಂಥವೆಲ್ಲ ಕೇಳ್ತಿದ್ದೀಯ?"

"ನಾಚಿಕೆ ಆಮೇಲೆ ಪಟ್ಕೊಳೋಣ ಸಾರ್. ಈಗ ಹೇಳಿ."

ಹೇಳಿದೆ. ಕೂರುವ ಜಾಗ ಮರಗಟ್ಟಿತ್ತು. ಮೂತ್ರವೂ ಹಿಂದಿನ ದಿನದಿಂದ ಕಷ್ಟಪಟ್ಟರೂ ಸರಿಯಾಗಿ ಹೋಗುತ್ತಿರಲಿಲ್ಲ. ವಯಸ್ಸಾಯಿತು ಎಂದುಕೊಂಡು ಹೆಂಡತಿಗೂ ಹೇಳಿರಲಿಲ್ಲ.

"ನೋವು ಹೋಗಿದ್ದು ವಾಸಿಯಾಗಿ ಅಲ್ಲ ಸಾರ್, ನರ ಸೋತಿದೆ. ಇದಕ್ಕೆ ಮಂಚ ಅಲ್ಲ, ಆಪರೇಷನ್ನು. ಅದೂ ಇವತ್ತೇ." ತುಮಕೂರಿನ ಸರ್ಜನ್‌ಗೆ ಫೋನು ಮಾಡಿದಳು. ಆಂಬುಲೆನ್ಸಿಗೆ ಫೋನು ಮಾಡಿದರೆ, ಬೇರೆ ಕಡೆ ಹೋಗಿದೆ, ತಡವಾಗುತ್ತದೆ ಎಂದರು. ಅಂಗಡಿಯ ಮುಂದೆ ಅವರದೇ ಟೆಂಪೋ ನಿಂತಿತ್ತು. ಯಾವುದೋ ಮದುವೆ ಮನೆಗೆ ಹೋಗಬೇಕಿದ್ದ ಹೊಸ ಹಾಸಿಗೆಗಳು ಅದರ ತುಂಬಾ.

"ಬೇಟಿ, ಇವು ಮದುವೆಯವರ್ದು. ಮಾತು ಕೊಟ್ಟಿದೀನಿ," ಎಂದರು ಅಪ್ಪ.

"ಮದುವೆ ನಾಳೆ ಅಬ್ಬಾ. ಇವರ ಕಾಲು ಇವತ್ತು."

ಆ ಹಿರಿಯರು ಟೆಂಪೋ ಹತ್ತಿದರು. ತಾವೇ ಹಾಸಿಗೆಗಳನ್ನು ಇಳಿಸಿ, ಎರಡನ್ನು ಹಾಗೇ ಬಿಟ್ಟು, ನನ್ನನ್ನು ಅದರ ಮೇಲೆ ಮಲಗಿಸಿದರು. ಕಾದಿದ್ದವರನ್ನೆಲ್ಲ ನಾಳೆ ಬನ್ನಿ ಎಂದು ಕಳಿಸಿ ಆಕೆ ನನ್ನ ಪಕ್ಕದಲ್ಲಿ ಕೂತಳು. ಹೈವೇ ಉದ್ದಕ್ಕೂ ನಾನು ಕಣ್ಣೀರು ಹಾಕಿದೆ. ಇದನ್ನು ಇಲ್ಲಿಯವರೆಗೆ ಯಾರಿಗೂ ಹೇಳಿಲ್ಲ. "ನಾನು ಇನ್ನು ನಿಲ್ತೀನೇನಮ್ಮ?" ಎಂದು ಕೇಳಿದೆ. ಸುಳ್ಳು ಸಮಾಧಾನ ಹೇಳಬಹುದಿತ್ತು. "ಗೊತ್ತಿಲ್ಲ ಸಾರ್. ಬೇಗ ಹೋಗ್ತಿದೀವಿ, ಅಷ್ಟು ಗೊತ್ತು," ಎಂದು ನನ್ನ ಕೈ ಹಿಡಿದುಕೊಂಡಳು.

ಅವತ್ತು ಸಾಯಂಕಾಲವೇ ಆಪರೇಷನ್ ಆಯಿತು. ಇನ್ನೆರಡು ದಿನ ಕಳೆದಿದ್ದರೆ ಜೀವಮಾನವಿಡೀ ಮೂತ್ರದ ಚೀಲ ಹೊತ್ತು ತಿರುಗಬೇಕಾಗುತ್ತಿತ್ತೇನೋ ಎಂದು ಸರ್ಜನ್ ನನ್ನ ಹೆಂಡತಿಗೆ ಹೇಳಿದರಂತೆ. ಕಾಲಿನ ಶಕ್ತಿ ಬರಲು ತಿಂಗಳುಗಳೇ ಹಿಡಿದವು. ಅಷ್ಟೂ ತಿಂಗಳು ಆಕೆಯ ಮುಂದೆ ನಾನು ವಿದ್ಯಾರ್ಥಿ. "ಇನ್ನೂ ಹತ್ತು ಸಲ ಸಾರ್. ಕಳ್ಳಾಟ ಬೇಡ, ಎಣಿಸ್ತಿದೀನಿ," ಎಂದು ಗದರುತ್ತಿದ್ದಳು. ನನ್ನದೇ ಮಾತುಗಳು ನನಗೇ! ಕೊನೆಗೆ ಒಂದು ಬೆಳಿಗ್ಗೆ ಮೈದಾನದಲ್ಲಿ ನಿಂತು ಸೀಟಿ ಊದಿದೆ. ನೀನೇ ವಾಸಿ ಮಾಡಿದವಳು ಎಂದರೆ ಮಾತ್ರ ಆಕೆ ಒಪ್ಪುವುದಿಲ್ಲ. "ನಾನು ವಾಸಿ ಮಾಡ್ಲಿಲ್ಲ ಸಾರ್, ತಡ ಮಾಡ್ಲಿಲ್ಲ ಅಷ್ಟೇ," ಎನ್ನುತ್ತಾಳೆ.

ಹೋದ ವರ್ಷ ನನ್ನ ಬೀಳ್ಕೊಡುಗೆ ಸಮಾರಂಭ. ಆಕೆಯೂ ಅಪ್ಪನ ಜೊತೆ ಬಂದು ಹಿಂದಿನ ಸಾಲಿನಲ್ಲಿ ಕೂತಿದ್ದಳು. ಮುಂದಿನ ಸಾಲಿನಲ್ಲಿ ನನ್ನ ಹಳೆಯ ಕಬಡ್ಡಿ ಹುಡುಗಿಯರು, ಪೊಲೀಸರಾದವರು, ಮೇಷ್ಟ್ರಾದವರು. ನಿಮಗೆ ಎಲ್ಲರಿಗಿಂತ ಹೆಮ್ಮೆ ತಂದ ಒಬ್ಬ ವಿದ್ಯಾರ್ಥಿಯನ್ನು ತೋರಿಸಿ ಎಂದು ಹೆಡ್‌ಮಾಸ್ಟರು ಮೈಕು ಕೊಟ್ಟರು. ನಾನು ಹಿಂದಿನ ಸಾಲಿನತ್ತ ಕೈ ತೋರಿಸಿ, "ಆ ಹೆಣ್ಮಗು, ಎದ್ದು ನಿಂತ್ಕೊಳಮ್ಮ," ಎಂದೆ. ಆಕೆ ದುಪಟ್ಟಾ ಸರಿಮಾಡಿಕೊಳ್ಳುತ್ತಾ ಎದ್ದಳು. ಹೆಡ್‌ಮಾಸ್ಟರು ಗಾಬರಿಯಾಗಿ ನನ್ನ ಕಿವಿಯ ಹತ್ತಿರ ಬಾಗಿದರು.

"ಸಾರ್, ಆಯಮ್ಮ ನಮ್ಮ ಸ್ಕೂಲಲ್ಲಿ ಓದೇ ಇಲ್ವಲ್ಲ."

ಮೈಕು ನನ್ನ ಕೈಯಲ್ಲೇ ಇತ್ತು. ಎಲ್ಲರಿಗೂ ಕೇಳಲಿ ಎಂದೇ ಹೇಳಿದೆ: "ಹೌದು ಸಾರ್, ಆಯಮ್ಮನ ಹತ್ರ ಓದಿದವನು ನಾನು."