ರಾಮಕೋಟಿಗೆ ಬಂದ ಚೀನಾ ಪೆನ್ನುಗಳು

ಇಪ್ಪತ್ತು ವರ್ಷದಿಂದ ಮಕ್ಕಳಿಗೆ ಅಂಕ ಹಾಕುತ್ತಾ ಬಂದ ಹೈಸ್ಕೂಲ್ ಮೇಷ್ಟ್ರು ನಾನು. ಅರ್ಧ ಅಂಕಕ್ಕೂ ಎರಡು ಸಲ ಯೋಚಿಸುವವನು. ಅಂಥ ನಾನು ಕಳೆದ ಚಳಿಗಾಲದಲ್ಲಿ, ಏನೂ ತಪ್ಪು ಮಾಡದ ನಾಲ್ವರನ್ನು ಸಾಲಾಗಿ ಫೇಲು ಮಾಡಿಬಿಟ್ಟೆ. ನಾಲ್ವರೂ ಚೀನಾದವರು. ಪುಣ್ಯಕ್ಕೆ ಮನುಷ್ಯರಲ್ಲ, ಇಂಕ್ ಪೆನ್ನುಗಳು.

ಇದರ ಮೂಲ ನನ್ನ ಬಲಗೈ. ಮೂರು ವರ್ಷದ ಹಿಂದೆ ಮುಳಬಾಗಿಲು ರಸ್ತೆಯ ತಿರುವಿನಲ್ಲಿ ಯಾವುದೋ ಟೆಂಪೋದಿಂದ ಟೊಮೆಟೊ ಕ್ರೇಟು ಬಿದ್ದು ರಸ್ತೆಯೆಲ್ಲ ರಸವಾಗಿತ್ತು. ನನ್ನ ಬೈಕು ಅದರ ಮೇಲೆ ಜಾರಿತು. ಮಣಿಕಟ್ಟು ಎರಡು ಕಡೆ ಮುರಿಯಿತು. ಕೋಲಾರದಲ್ಲಿ ಪ್ಲಾಸ್ಟರ್ ಹಾಕಿದ ಡಾಕ್ಟರು, ಮೊದಲಿನ ಹಾಗೆ ಬರೆಯಲು ಆಗುತ್ತದೋ ಇಲ್ಲವೋ ಈಗಲೇ ಹೇಳೋಕಾಗಲ್ಲ ಅಂದುಬಿಟ್ಟರು. ಬೋರ್ಡಿನ ಮೇಲೆ ಬರೆಯಲಾಗದ ಮೇಷ್ಟ್ರು ಯಾವ ಸೀಮೆ ಮೇಷ್ಟ್ರು? ನಾನು ಮಂಚದ ಮೇಲೆ ಮುಖ ಗೋಡೆಗೆ ತಿರುಗಿಸಿಕೊಂಡು ಮಲಗಿದ್ದೆ. ಅಮ್ಮ ಮಾತ್ರ ಮಾರನೆಯ ದಿನ ರಾಮಕೋಟಿ ಪುಸ್ತಕ ತರಿಸಿಕೊಂಡರು.

ನಮ್ಮ ಕಡೆ ಇದು ಹೊಸದೇನಲ್ಲ. ಚೌಕಾಕಾರದ ಮನೆಗಳಿರುವ ಪುಸ್ತಕ, ಒಂದೊಂದು ಮನೆಗೆ ಒಂದೊಂದು ಸಲ ಶ್ರೀರಾಮ. ಹೆಸರಿಗೆ ಕೋಟಿ. ಅಮ್ಮ ಹೊತ್ತ ಹರಕೆ ಹನ್ನೆರಡು ಪುಸ್ತಕ. ನನ್ನ ಕೈ ಸರಿಹೋದರೆ ಅವರ ಕೈಯಿಂದ ಹನ್ನೆರಡು ಪುಸ್ತಕ ತುಂಬಿಸಿ ಶ್ರೀರಾಮನವಮಿ ದಿನ ಊರ ಭಜನೆ ಮಂದಿರಕ್ಕೆ ಒಪ್ಪಿಸುವುದು. ಆಂಧ್ರದ ಗಡಿಯ ರಾಯಲ್ಪಾಡು ಕಡೆ ಹುಟ್ಟಿದವರು, ಓದಿದ್ದು ಮೂರನೇ ಕ್ಲಾಸು, ಅದೂ ತೆಲುಗಿನಲ್ಲಿ. ಆ ತೆಲುಗು ಅಕ್ಷರಗಳಲ್ಲೇ ದಿನಾ ಬೆಳಗ್ಗೆ ಸ್ನಾನ ಮಾಡಿ, ಯಾರೊಂದಿಗೂ ಮಾತಾಡದೆ, ಬಾಲ್ ಪೆನ್ನು ಒತ್ತಿ ಒತ್ತಿ ಬರೆದರು. ನನ್ನ ಕೈ ಕೂಡಿಕೊಂಡಿತು. ಹನ್ನೊಂದು ಪುಸ್ತಕ ಮುಗಿಯುವ ಹೊತ್ತಿಗೆ ಅವರ ಹೆಬ್ಬೆರಳು ಕೈಕೊಟ್ಟಿತು. ಬೆಳಗ್ಗೆ ಲೋಟ ಎತ್ತುವಾಗಲೂ ಹಲ್ಲು ಕಚ್ಚುತ್ತಿದ್ದರು.

“ಬರೆಯೋದು ನಿಲ್ಲಿಸಿ ಅಜ್ಜಿ” ಅಂದರು ಡಾಕ್ಟರು.

“ಇನ್ನೊಂದೇ ಪುಸ್ತಕ ಐತೆ ಸಾರ್” ಅಂದರು ಅಮ್ಮ, ಅವರೇ ಡಾಕ್ಟರಿಗೆ ರಿಯಾಯಿತಿ ಕೊಡುವವರ ಹಾಗೆ.

ಉಳಿದದ್ದನ್ನು ನಾನು ಬರೆದುಕೊಡುತ್ತೇನೆ ಅಂದಿದ್ದಕ್ಕೆ ಚೆನ್ನಾಗಿ ಬೈಸಿಕೊಂಡೆ. “ಹರಕೆ ಹೊತ್ತವಳು ನಾನು. ಉಪವಾಸ ಒಬ್ರು ಮಾಡಿ ಊಟ ಇನ್ನೊಬ್ರು ಮಾಡ್ತಾರೇನೋ?” ನನಗೋ ಒಳಗೊಳಗೇ ಸಂಕಟ. ನನ್ನ ಕೈ ಉಳಿಸಲು ಹೋಗಿ ತಮ್ಮ ಕೈ ಹಾಳು ಮಾಡಿಕೊಂಡ ತಾಯಿಗೆ ಆ ಒಂದು ಪುಸ್ತಕವನ್ನಾದರೂ ನೋವಿಲ್ಲದೆ ಮುಗಿಸಿಕೊಡದಿದ್ದರೆ ನಾನೆಂಥ ಮಗ!

ಆಗ ನನ್ನೊಳಗಿನ ಪಂಡಿತ ಎದ್ದ. ಪ್ಲಾಸ್ಟರ್ ಬಿಚ್ಚಿದ ಮೇಲೆ ನಾನು ಇಂಕ್ ಪೆನ್ನಿಗೆ ಬದಲಾಗಿದ್ದೆ. ಅದನ್ನು ಒತ್ತಬೇಕಾಗಿಲ್ಲ, ಕಾಗದಕ್ಕೆ ತಾಕಿಸಿದರೆ ಸಾಕು. ಆದರೆ ನನ್ನ ಪೆನ್ನಿನ ನಿಬ್ಬು ದಪ್ಪ. ರಾಮಕೋಟಿ ಪುಸ್ತಕದ ತೆಳು ಕಾಗದದಲ್ಲಿ ಇಂಕು ಹರಡಿ ಆಚೆ ಮಗ್ಗುಲಿಗೂ ಇಳಿಯುತ್ತಿತ್ತು. ಸಪೂರ ನಿಬ್ಬು ಬೇಕು, ಹಗುರ ಇರಬೇಕು, ದಿನಾ ಬರೆಯಲು ಆಗಬೇಕು. ಫೋನಿನಲ್ಲಿ ಹುಡುಕಿದರೆ ಚೀನಾದ ಪೆನ್ನುಗಳು ತರಕಾರಿ ರೇಟಿಗೆ ಸಿಕ್ಕುತ್ತಿದ್ದವು. ಒಂದೊಂದೇ ತರಿಸಿ, ಪರೀಕ್ಷೆ ಮಾಡಿ, ಪಾಸಾದದ್ದನ್ನು ಅಮ್ಮನಿಗೆ ಕೊಡುವುದೆಂದು ನಿಶ್ಚಯಿಸಿದೆ. ಹಳೆಯ ಅಂಕಪಟ್ಟಿ ರಿಜಿಸ್ಟರಿನ ಖಾಲಿ ಹಾಳೆಯಲ್ಲಿ ಗೆರೆ ಎಳೆದೆ. ಇಂಕಿನ ಹರಿವಿಗೆ ಮೂವತ್ತು, ಹಿಡಿತಕ್ಕೆ ಮೂವತ್ತು, ಭಾರಕ್ಕೆ ಇಪ್ಪತ್ತು, ನಡತೆಗೆ ಇಪ್ಪತ್ತು.

“ಪೆನ್ನಿಗೆ ನಡತೆ ಏನ್ರೀ?” ಅಂದಳು ಹೆಂಡತಿ.

“ಜೇಬಲ್ಲಿ ಕಕ್ಕಬಾರದು. ಕ್ಯಾಪ್ ತೆಗೆದ ತಕ್ಷಣ ಬರೀಬೇಕು.”

“ಸರಿ, ನಿಮಗೆ ನಾನು ಅಂಕ ಹಾಕಿದ್ದಿದ್ರೆ ಇಷ್ಟೊತ್ತಿಗೆ ಫೇಲೇ.”

ಮೊದಲ ಪೆನ್ನು ಬಂದ ದಿನವೇ ಮೊದಲ ಜಗಳ. ಇಂಕು ತುಂಬಿ, ರೂಢಿಯಂತೆ ಹಾಲಿನ ಬಾಬ್ತು, ಬಸ್ಸಿನ ಟೈಮು ಅಂತ ಜೋರಾಗಿ ಹೇಳಿಕೊಳ್ಳುತ್ತಾ ಏನೋ ಗೀಚಿದೆ. ಅಮ್ಮ ಅಡುಗೆಮನೆಯಿಂದಲೇ ಕೂಗಿದರು. “ಲೇ, ಹಾಲು ಮೊಸರು ಬರೆದು ಎಂಜಲು ಮಾಡಿದ ಪೆನ್ನಲ್ಲಿ ನಾನು ರಾಮಾ ಅಂತ ಬರೀಲೇನೋ? ಏನಾದ್ರೂ ಬರೀಬೇಕು ಅಂದ್ರೆ ಕೈಕಾಲು ತೊಳ್ಕೊಂಡು ಅವನ ಹೆಸರೇ ಬರಿ.” ಸರಿಯಪ್ಪ, ಅಂದು ಆ ಪೆನ್ನನ್ನು ತೊಳೆದು ಮತ್ತೆ ಇಂಕು ತುಂಬಿದೆ. ಅಲ್ಲಿಂದಾಚೆಗೆ ಪ್ರತಿ ಪೆನ್ನಿನ ಪರೀಕ್ಷೆಯೂ ಒಂದು ಹಾಳೆ ತುಂಬಾ ಶ್ರೀರಾಮ, ನನ್ನ ಕನ್ನಡ ಅಕ್ಷರದಲ್ಲಿ. ಪರೀಕ್ಷೆ ಮುಗಿದ ಹಾಳೆಯನ್ನು ಮುದುಡಿದರೆ ಮತ್ತೆ ಬೈಗುಳ. “ಅವನ ಹೆಸರಿರೋ ಹಾಳೆ ಕಸದ ಬುಟ್ಟಿಗಾ? ಕೊಡಿಲ್ಲಿ” ಅಂತ ಕಿತ್ತುಕೊಂಡು ಹೋಗುತ್ತಿದ್ದರು.

ಆ ಮೊದಲನೆಯದು ನಿಬ್ಬನ್ನು ಮುಸುಕಿನೊಳಗೆ ಅಡಗಿಸಿಕೊಂಡು ತುದಿಯಷ್ಟೇ ಆಚೆ ಚಾಚಿದ ಪೆನ್ನು. ಸಂಜೆ ಚೆನ್ನಾಗಿ ಬರೆಯಿತು. ಅಮ್ಮ ತಿರುಗಿಸಿ ತಿರುಗಿಸಿ ನೋಡಿ, “ಇದಕ್ಕೆ ಮುಖ ಯಾವ ಕಡೆ ನಾಯ್ನಾ?” ಅಂದರು. ಹೇಳಿಕೊಟ್ಟೆ. ಮಾರನೆಯ ದಿನ ಬೆಳಗಿನ ಬಸ್ಸಿಗೆ ನಾನು ಶಾಲೆಗೆ ಹೋಗಿ ಸಂಜೆ ಬಂದರೆ ಅಮ್ಮನ ಮುಖ ಸಪ್ಪಗಿತ್ತು. “ನಾಲ್ಕು ಮನೆ ಬರೀತು, ಆಮೇಲೆ ನಿಂತೋಯ್ತು ಕಣೋ.” ನೋಡಿದರೆ ನಿಜ, ಒಂದು ಹನಿ ಇಂಕು ಇಳಿಯುತ್ತಿಲ್ಲ. ಹರಿವಿಗೆ ಸೊನ್ನೆ. ಫೇಲು.

ಎರಡನೆಯದು ಪಾರದರ್ಶಕ. ಒಳಗಿನ ನೀಲಿ ಇಂಕು ಅಲುಗುವುದನ್ನು ನೋಡುತ್ತಾ ನಾನೇ ಅರ್ಧ ಗಂಟೆ ಕೂತಿದ್ದೆ. ಬೆರಳಿಡುವ ಜಾಗ ಮಾತ್ರ ಮೂರು ಮೂಲೆ, ಅಮ್ಮನ ಹೆಬ್ಬೆರಳಿಗೆ ಅದು ಚುಚ್ಚಿತು. ಅದೂ ಮಾರನೆಯ ಬೆಳಗ್ಗೆ ನಿಂತಿತು. ಮೂರನೆಯದು ಲೋಹದ್ದು, ನೋಡಲು ಬಲು ಠೀವಿ. “ಇದು ಒನಕೆ ಕಣೋ, ಇದರಲ್ಲಿ ಭತ್ತ ಕುಟ್ಟಬೋದು” ಅಂದರು. ಕುಟ್ಟುವ ಮೊದಲೇ ಅದೂ ಕೈಕೊಟ್ಟಿತು. ನಾಲ್ಕನೆಯದು ದಪ್ಪಗಿನ, ಹತ್ತಿಯಷ್ಟು ಹಗುರದ, ಎಲ್ಲಕ್ಕಿಂತ ಅಗ್ಗದ ಹಸಿರು ಪ್ಲಾಸ್ಟಿಕ್ಕು. ಅದನ್ನು ಹಿಡಿದ ತಕ್ಷಣ ಅಮ್ಮನ ಮುಖ ಅರಳಿತು. “ಇದು ನೋಡು, ನೋವೇ ಇಲ್ಲ!” ನಾನು ಗೆದ್ದೆ ಅಂದುಕೊಂಡೆ. ಮಾರನೆಯ ಸಂಜೆ ಅದೂ ದೇವರ ಗೂಡಿನ ಪಕ್ಕ ಮೂಕವಾಗಿ ಮಲಗಿತ್ತು.

ನನಗೆ ಸಿಟ್ಟು ನೆತ್ತಿಗೇರಿತು. ಚೀನಾದ ಪೆನ್ನು ರಾತ್ರಿ ಮಲಗಿದರೆ ಬೆಳಗ್ಗೆ ಏಳುವುದಿಲ್ಲ ಅಂತ ಸ್ಟಾಫ್ ರೂಮಿನಲ್ಲಿ ಭಾಷಣವನ್ನೇ ಮಾಡಿದೆ. ಮನೆಗೆ ಬಂದು ಹಸಿರು ಪೆನ್ನು ಬಿಚ್ಚಿ ಕಾಫಿ ಲೋಟದ ನೀರಿಗೆ ಅದ್ದಿದೆ. ನೀಲಿಯ ಜೊತೆಗೆ ನಿಬ್ಬಿನ ಸಂದಿಯಿಂದ ಕೆಂಪು ಎಳೆ ಎಳೆಯಾಗಿ ಇಳಿಯಿತು. ಕೆಂಪು! ನಾನು ಕೆಂಪು ಇಂಕು ತುಂಬಿಯೇ ಇರಲಿಲ್ಲ. ಅಂದರೆ? ಯಾರೋ ಬಳಸಿ ಬಿಟ್ಟ ಪೆನ್ನನ್ನು ತೊಳೆದು ನನಗೆ ಮಾರಿದ್ದಾರೆ! ಮಾರಿದವನ ಪುಟಕ್ಕೆ ಹೋಗಿ, ಹಳೇ ಪೆನ್ನನ್ನು ಹೊಸದೆಂದು ತಲೆಗೆ ಕಟ್ಟುವ ಕಳ್ಳರು ಅಂತ ಉದ್ದಕ್ಕೆ ಬರೆದು ಒಂದೇ ನಕ್ಷತ್ರ ಕೊಟ್ಟೆ. ಹೆಂಡತಿ ಲೋಟ ನೋಡಿ ಬೈದದ್ದು ಬೇರೆ ಕತೆ.

ಆದರೆ ಅಮ್ಮ ನನ್ನ ಹಾಗೆ ಸಿಟ್ಟಾಗಲಿಲ್ಲ. ಅದೇ ನನಗೆ ಹೆದರಿಕೆ ತಂದದ್ದು. ಮಾರನೆಯ ಸಂಜೆ ನನ್ನ ಬಲಗೈ ಹಿಡಿದು ಮಣಿಕಟ್ಟನ್ನು ಒತ್ತಿ ನೋಡಿದರು. “ನೋವಿದೆಯಾ?”

“ಇಲ್ಲಮ್ಮ.”

“ನಾಲ್ಕು ಪೆನ್ನೂ ನನ್ ಕೈಗೆ ಬಂದ ಮೇಲೇ ನಿಲ್ತಾವೆ. ನಿನಗೆ ಬರೀತಾವೆ. ರಾಮ ನಂದು ಸಾಕು ಅಂತಾ ಇದಾನೇನೋ. ಹನ್ನೆರಡು ಅಂದು ಹನ್ನೊಂದಕ್ಕೆ ನಿಲ್ಸಿದ್ರೆ ನಿನ್ನ ಕೈಗೇನಾದ್ರೂ…” ಹಾಗೆಲ್ಲ ಇಲ್ಲಮ್ಮ ಅಂದೆ. ನನ್ನ ದನಿಯೇ ನನಗೆ ನಂಬಿಕೆ ಹುಟ್ಟಿಸುವಂತಿರಲಿಲ್ಲ. ಶ್ರೀರಾಮನವಮಿಗೆ ಇನ್ನು ಎರಡೇ ತಿಂಗಳು ಉಳಿದಿತ್ತು, ಬಾಲ್ ಪೆನ್ನಿನಲ್ಲೇ ನೋವು ತಿಂದು ಬರೆದ ಕಾಲು ಪಾಲು ಬಿಟ್ಟರೆ ಕೊನೆಯ ಪುಸ್ತಕವೆಲ್ಲ ಖಾಲಿ.

ಅಮ್ಮನಿಗೆ ಹಿಡಿಸಿದ ಹಸಿರು ಪೆನ್ನಿನಂಥದ್ದೇ ಇನ್ನೊಂದನ್ನು ಬೇರೆ ಅಂಗಡಿಯಿಂದ ತರಿಸಿದೆ. ಸಂಜೆ ಹಾಳೆ ತುಂಬಾ ಬರೆದು ನೋಡಿದೆ, ಬೆಣ್ಣೆಯ ಹಾಗೆ ಜಾರಿತು. ಮಾರನೆಯ ದಿನ ಭಾನುವಾರ, ನಾನು ಮನೆಯಲ್ಲೇ. ಅಮ್ಮ ಸ್ನಾನ ಮುಗಿಸಿ ದೇವರ ಮುಂದೆ ಕೂತರು. ದೀಪ ಹಚ್ಚಿದರು. ಪುಸ್ತಕಕ್ಕೆ ಅರಿಶಿನ ಕುಂಕುಮ ಇಟ್ಟರು. ಪೆನ್ನಿನ ಕ್ಯಾಪು ತೆಗೆದರು. ನೀರಲ್ಲಿ ಕಲಸಿದ ಕುಂಕುಮದ ಬಟ್ಟಲಲ್ಲಿ ಉಂಗುರದ ಬೆರಳು ಅದ್ದಿ, ಭಕ್ತಿಯಿಂದ, ನಿಬ್ಬಿನ ನಟ್ಟನಡುವೆ, ಇಂಕು ಇಳಿಯುವ ಆ ಸೀಳಿನ ಮೇಲೆಯೇ ದಪ್ಪ ಬೊಟ್ಟು ಇಟ್ಟರು!

“ಅಮ್ಮಾ!” ಅಂತ ಕಿರುಚಿದೆ. ಹೆಂಡತಿ ಚಪಾತಿ ಲಟ್ಟಣಿಗೆ ಹಿಡಿದೇ ಓಡಿಬಂದಳು.

ಬರೆಯುವ ಹೊತ್ತಿನಲ್ಲಿ ಮಾತಾಡದ ಅಮ್ಮ ಅವತ್ತು ಮಾತಾಡಿದರು. “ಏನಾಯ್ತೋ? ದಿನಾ ಇಟ್ಟೇ ತಾನೇ ಬರೆಯೋದು? ಬರಿಯೋಕೆ ಮುಂಚೆ ಸೆರಗಲ್ಲಿ ಒರೆಸ್ತೀನಲ್ಲ.”

“ನಿಬ್ಬಿಗೆ ಯಾಕಮ್ಮಾ ಇಡೋದು!”

“ಮತ್ತೆ? ಆಯುಧಪೂಜೇಲಿ ಕುಡುಗೋಲಿನ ಬಾಯಿಗೆ ಇಡ್ತೀವಾ, ಹಿಡಿಗೆ ಇಡ್ತೀವಾ? ಕೆಲಸ ಮಾಡೋದು ಯಾವುದೋ ಅದಕ್ಕೇ ಇಡಬೇಕು.”

ಬಾಲ್ ಪೆನ್ನಿಗೆ ಹಾಗೆ ಇಟ್ಟರೂ ಏನೂ ಆಗುತ್ತಿರಲಿಲ್ಲ, ಒರೆಸಿದರೆ ಹೋಗುತ್ತಿತ್ತು. ಇಲ್ಲಿ ಕುಂಕುಮವೆಲ್ಲ ಸೀಳಿನೊಳಗೆ ಇಳಿದು, ಒಣಗಿ, ಗೋಡೆ ಕಟ್ಟುತ್ತಿತ್ತು. ಕಳ್ಳರು ಚೀನಾದಲ್ಲಿರಲಿಲ್ಲ, ನಮ್ಮ ದೇವರ ಗೂಡಿನ ಮುಂದೆಯೇ ಮಡಿಯಲ್ಲಿ ಕೂತಿದ್ದರು. ನಗು ತಡೆಯಲಾಗಲಿಲ್ಲ. ವಿಷಯ ಬಿಡಿಸಿ ಹೇಳಿದ ಮೇಲೆ ಅಮ್ಮ ಒಂದು ಗಳಿಗೆ ಪೆಚ್ಚಾದರು. ಆಮೇಲೆ ಅವರ ಮುಖ ಹಗುರವಾದದ್ದು ನನಗೆ ಕಾಣಿಸಿತು. “ಅಂದ್ರೆ ರಾಮ ಬೇಡ ಅಂದಿಲ್ಲ?”

“ಅವನು ಬರಿ ಅಂತಾನೇ ಇದ್ದ. ನೀನೇ ಅವನ ದಾರೀಲಿ ಕುಂಕುಮ ಸುರಿದಿದ್ದು.”

“ಮತ್ತೆ ಪೂಜೆ ಇಲ್ದೆ ಬರೀಲಾ? ಅದಾಗಲ್ಲ.”

ಇಲ್ಲಿ ನನ್ನ ಮೇಷ್ಟ್ರ ಬುದ್ಧಿ ಉಪಯೋಗಕ್ಕೆ ಬಂತು. “ಬಸ್ಸಿಗೆ ಪೂಜೆ ಮಾಡುವಾಗ ಕುಂಕುಮ ಎಲ್ಲಿಡ್ತಾರೆ? ಇಂಜಿನ್ ಒಳಗೆ ಸುರೀತಾರಾ? ಮುಂದಿನ ಗಾಜಿಗೆ ತಾನೇ?” ಅಮ್ಮ ಪೆನ್ನಿಗೆ ಕ್ಯಾಪು ಹಾಕಿ ತಿರುಗಿಸಿ ನೋಡಿದರು. ಕೊನೆಗೆ ಪೆನ್ನಿನ ಕ್ಯಾಪಿಗೆ ಇಡಲು ಒಪ್ಪಿದರು.

ಆ ಮಧ್ಯಾಹ್ನ ಹೊಸದರ ಜೊತೆಗೆ ಹಳೆಯ ನಾಲ್ಕೂ ಪೆನ್ನುಗಳನ್ನು ಬಿಚ್ಚಿ ಉಗುರು ಬೆಚ್ಚಗಿನ ನೀರಲ್ಲಿ ತೊಳೆದೆ. ಎಲ್ಲವೂ ಬರೆದವು. ರಿಜಿಸ್ಟರಿನಲ್ಲಿ ಮರುಮೌಲ್ಯಮಾಪನ ಮಾಡಿ ಎಲ್ಲರನ್ನೂ ಪಾಸು ಮಾಡಿದೆ, ಹಸಿರು ಪೆನ್ನಿಗೆ ಫಸ್ಟ್ ಕ್ಲಾಸು. ಮಾರಿದವನ ಪುಟದಲ್ಲಿ ಬೈದದ್ದನ್ನು ಅಳಿಸಿ ಐದು ನಕ್ಷತ್ರ ಕೊಟ್ಟೆ. ಕಾರಣ ಏನೆಂದು ಬರೆಯುವ ಧೈರ್ಯ ಆಗಲಿಲ್ಲ.

ಅಮ್ಮ ಬರೆದರು. ಹೆಬ್ಬೆರಳನ್ನು ಬರೀ ಆತುಕೊಳ್ಳುವಷ್ಟೇ ಇಟ್ಟು, ಒತ್ತದೆ, ನಿಧಾನಕ್ಕೆ. ಶ್ರೀರಾಮನವಮಿಯ ಹಿಂದಿನ ದಿನ ಕೊನೆಯ ಮನೆ ತುಂಬಿತು. ಹಬ್ಬದ ಬೆಳಗ್ಗೆ ಹನ್ನೆರಡು ಪುಸ್ತಕಗಳನ್ನು ಹೊಸ ವಸ್ತ್ರದಲ್ಲಿ ಕಟ್ಟಿ ಭಜನೆ ಮಂದಿರದಲ್ಲಿ ಒಪ್ಪಿಸಿ, ಪಾನಕ ಕೋಸಂಬರಿ ತೆಗೆದುಕೊಂಡು ಮನೆಗೆ ಬಂದೆವು. ನನಗೆ ಅಳುವೂ ಬಂದಿತ್ತು, ಸಂತೋಷವೂ ಆಗಿತ್ತು. ಎರಡನ್ನೂ ಪಾನಕದ ಜೊತೆ ನುಂಗಿದೆ.

ಅಮ್ಮ ಒಳಗೆ ಹೋಗಿ ಟ್ರಂಕಿನಿಂದ ಒಂದು ತೆಳ್ಳಗಿನ ಪುಸ್ತಕ ತಂದು ನನ್ನ ತೊಡೆಯ ಮೇಲಿಟ್ಟರು. ಬಿಳಿ ದಾರದಲ್ಲಿ ಹೊಲಿದ ಬಿಡಿ ಹಾಳೆಗಳು. ಬಿಚ್ಚಿ ನೋಡಿದರೆ ನನ್ನದೇ ಕನ್ನಡ ಅಕ್ಷರ. ಪೆನ್ನು ಪರೀಕ್ಷೆಗೆ ನಾನು ತುಂಬಿದ ಹಾಳೆಗಳೆಲ್ಲ. ಹಿಂದೆ ಇನ್ನೂ ಖಾಲಿ ಹಾಳೆಗಳನ್ನು ಸೇರಿಸಿ ಹೊಲಿದಿದ್ದರು.

“ಇದು ನಿಂದು. ನನ್ನ ಹನ್ನೆರಡರಲ್ಲಿ ಸೇರ್ಸಿಲ್ಲ.”

“ನಾನು ಪೆನ್ನು ನೋಡೋಕೆ ಬರೆದಿದ್ದಮ್ಮ.”

“ಯಾತಕ್ಕಾದ್ರೂ ಬರೆದಿರು. ಶುರು ಮಾಡಿದ ಮೇಲೆ ನಡುವೆ ಬಿಡಬಾರದು.” ಹಸಿರು ಪೆನ್ನನ್ನು ನನ್ನ ಕೈಗಿಟ್ಟರು. ಆಮೇಲೆ ಮುರಿದು ಕೂಡಿದ ಆ ಮಣಿಕಟ್ಟನ್ನು ಒಮ್ಮೆ ಸವರಿ ಹೇಳಿದರು. “ಕೈ ಚೆನ್ನಾಗೈತಲ್ಲ, ಬರಿ.”

ನಾನು ಎದ್ದು ಹೋಗಿ ಕೈಕಾಲು ತೊಳೆದುಕೊಂಡು ಬಂದೆ. ಪೆನ್ನಿನ ಕ್ಯಾಪಿಗೆ ಕುಂಕುಮ ಇಟ್ಟು, ಮೊದಲ ಖಾಲಿ ಹಾಳೆ ತೆಗೆದೆ.